ಜಗಲಿ ನೆಲಕ್ಕೆ ಅಜ್ಜಿಯ ಪರೀಕ್ಷೆ

ನಮ್ಮ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕು ಅಂದರೂ ಬೀದಿಯವರು ನಗುವಂಥದ್ದು ಏನಾದರೂ ಆಗೇ ಆಗುತ್ತದೆ. ಈ ಸಲ ಬದಲಾಯಿಸಬೇಕಾಗಿದ್ದು ಮಧುಗಿರಿಯ ನಮ್ಮ ಹಳೇ ಮನೆಯ ಮುಂದಿನ ಜಗಲಿಯ ನೆಲ. ಮೇಲೆ ಹೆಂಚಿನ ಸೂರು, ಕೆಳಗೆ ಕಲ್ಲು ಚಪ್ಪಡಿ. ಚಪ್ಪಡಿ ಸಿಪ್ಪೆ ಎದ್ದು ಕಾಲಿಗೆ ಚುಚ್ಚುತ್ತಿತ್ತು. ಅಪ್ಪನಿಗೆ ಮುಖ ಕಾಣುವಂಥ ಟೈಲ್ಸ್ ಮೇಲೆ ಆಸೆ. ಹಗಲೆಲ್ಲ ಅಲ್ಲೇ ಕೂತು ಅಲ್ಲೇ ಮಲಗುವ ಅಜ್ಜಿ ನನ್ನನ್ನು ಕರೆದು ಹೇಳಿತು:

"ನಿಮ್ಮಪ್ಪ ಹುಟ್ಟಿದಾಗ ನಿಮ್ಮ ತಾತ ನಂಗೋಸ್ಕರ ಹೊಸದಾಗಿ ಹಾಕ್ಸಿದ ಕಲ್ಲು ಕಣ್ಲಾ ಇದು. ಜಾರೋ ನೆಲ ಗಿಲ ಹಾಕ್ಸಿದ್ರೋ, ಪಾವಗಡದ ಮಗಳ ಮನೇಗೆ ಹೊಂಟೋಗ್ಬುಡ್ತೀನಿ."

ಅಪ್ಪ ಕೈ ಎತ್ತಿದಾಗಲೆಲ್ಲ ನಾನು ಅವಿತುಕೊಳ್ಳುವುದು ಅಜ್ಜಿಯ ಸೆರಗಿನ ಹಿಂದೆ. ಆ ಸೆರಗು ಪಾವಗಡಕ್ಕೆ ಹೋದರೆ ನನ್ನ ಬೆನ್ನಿನ ಗತಿ?

ಅಂಗಡಿಯಲ್ಲಿ ನಿದ್ದೆ

ಅಪ್ಪ, ಅಜ್ಜಿ, ನಾನು ಮೂವರೂ ಶಿರಾದ ಟೈಲ್ಸ್ ಅಂಗಡಿಗೆ ಹೋದೆವು. ಅಂಗಡಿ ಸಾಹೇಬರು ನೆಲಕ್ಕೆ ಜೋಡಿಸಿಟ್ಟಿದ್ದ ಟೈಲ್ಸ್ ತೋರಿಸಿದರು. "ನೋಡಿ ಅಮ್ಮಾ, ಕನ್ನಡಿ ಇದ್ದಂಗೆ ಐತೆ."

"ನೋಡಿದ್ರೆ ಏನ್ ಗೊತ್ತಾಯ್ತದಪ್ಪ? ಮಲಗಿ ನೋಡ್ಬೇಕು," ಅಂದ ಅಜ್ಜಿ ಚಪ್ಪಲಿ ಬಿಟ್ಟು, ಕೈಚೀಲ ತಲೆಗಿಟ್ಟುಕೊಂಡು ಉದ್ದಕ್ಕೆ ಮಲಗಿಬಿಟ್ಟಿತು. ಐದು ನಿಮಿಷಕ್ಕೆ ಗೊರಕೆ. ಗಿರಾಕಿಗಳೆಲ್ಲ ಸುತ್ತು ಹಾಕಿಕೊಂಡು ಓಡಾಡಿದರು.

"ಯಾಕೆ, ಹುಷಾರಿಲ್ವಾ?" ಅಂತ ಒಬ್ಬರು ಕೇಳಿದರು.

"ಇಲ್ಲ, ಟೈಲ್ಸ್ ನೋಡ್ತಾ ಐತೆ," ಅಂದೆ.

ಸಾಹೇಬರು ಒಳ್ಳೆಯವರು, ಫ್ಯಾನ್ ಹಾಕಿಸಿದರು. ಮುಕ್ಕಾಲು ಗಂಟೆ ಆದ ಮೇಲೆ ಅಜ್ಜಿ ಎದ್ದು, ಬಾಯಿ ಒರೆಸಿಕೊಂಡು ಹೇಳಿತು: "ಇದು ಬ್ಯಾಡ. ನಿದ್ದೆ ಬರಲ್ಲ."

ಹರಳೆಣ್ಣೆ

ಅಪ್ಪ ಬಿಡಲಿಲ್ಲ. ಅದೇ ಟೈಲ್ಸ್ ನಾಲ್ಕು ತಂದು ಜಗಲಿ ಮೇಲೆ ಹಾಸಿದ. "ಜಾರಲ್ಲ, ಬೇಕಾದ್ರೆ ಕುಣೀರಿ."

ಅಪ್ಪನೇ ಒಂದು ಸಲ ಜಾರಿದರೆ ಬುದ್ಧಿ ಬರುತ್ತದೆ ಅಂತ ನಾನು ಮರುದಿನ ಬೆಳಿಗ್ಗೆ ಅದಕ್ಕೆ ಹರಳೆಣ್ಣೆ ಸವರಿ, ಅಪ್ಪ ಹಾಲಿಗೆ ಹೊರಡುವುದನ್ನೇ ಕಾಯುತ್ತಾ ಕೂತೆ. ಬಾಗಿಲಿಗೆ ಬಂದದ್ದು ಅಜ್ಜಿ! "ನಿಂತ್ಕೋ!" ಅಂತ ಕೂಗಿ ಅಡ್ಡ ಓಡಿದೆ. ಅಜ್ಜಿ ನಿಂತಿತು. ನಾನು ನಿಲ್ಲಲಿಲ್ಲ, ಜಾರಿಕೊಂಡು ಅಂಗಳದ ತುಳಸಿಕಟ್ಟೆವರೆಗೂ ಹೋದೆ.

ಅಪ್ಪ ಬಂದು ಟೈಲ್ಸ್ ಮುಟ್ಟಿ ಬೆರಳು ಮೂಸಿದ. "ಹರಳೆಣ್ಣೆ ವಾಸನೆ ಬತ್ತೈತಲ್ಲ?"

"ನನ್ನ ತಲೇದು ತೊಟ್ಟಿಕ್ಕಿರ್ಬೇಕು ಬುಡ್ಲಾ," ಅಂದಿತು ಅಜ್ಜಿ.

ಆ ತಲೆ ಎಣ್ಣೆ ಕಂಡು ವಾರವಾಗಿತ್ತು.

ತಾತನ ಗುಟ್ಟು

ತೊಟ್ಟು ಎಣ್ಣೆಗೇ ಹೀಗೆ ಜಾರಿದರೆ ಹೇಗೆ ಅಂತ ಅಪ್ಪ ಟೈಲ್ಸ್ ವಾಪಸ್ ಕೊಟ್ಟ. ಕೊಳಾಲದ ಮೇಸ್ತ್ರಿ ಬಂದು, ಹಾರೆ ಹಾಕಿ ಒಂದು ಚಪ್ಪಡಿ ಎಬ್ಬಿಸಿದ. "ಅಣ್ಣಾ, ಹೊಸಾದು ಯಾಕೆ? ಅಡಿ ಮಗ್ಗುಲು ನುಣ್ಣಗೈತೆ, ಜಾರೋದೂ ಇಲ್ಲ. ಮಗುಚಿ ಹಾಕಿದ್ರಾಯ್ತು."

ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಹೂಂ ಅಂದಿತು. ನನಗೆ ಹೋದ ಜೀವ ಬಂತು.

ನಡುವಿನ ಚಪ್ಪಡಿ ಮಗುಚಿದರೆ, ಅದರ ಮೇಲೆ ಉಳಿಯಲ್ಲಿ ಕೊರೆದ ಚೌಕಾಬಾರದ ಮನೆಗಳು! ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಿತು.

"ಅಯ್ಯೋ ಇವ್ನ! ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಹೊಸ ಕಲ್ಲು ಹಾಕ್ಸಿದೆ ಅಂದಿದ್ನಲ್ಲೋ ನಿಮ್ಮ ತಾತ! ದಿನಾ ನಂಗೆ ಸೋತೂ ಸೋತೂ ಆಟದ ಕಲ್ಲು ಮಗುಚವ್ನೆ. ಗೊತ್ತಾಗ್ಬಾರ್ದು ಅಂತ ಇಡೀ ಜಗಲೀನೇ ಮಗುಚವ್ನೆ!"

ಅವತ್ತೇ ಕವಡೆ ಹೊರಗೆ ಬಂತು. ಅಜ್ಜಿ ಈಗ ಪಾವಗಡದ ಮಾತೇ ಎತ್ತುವುದಿಲ್ಲ. ಬೆಳಿಗ್ಗೆ ಅಪ್ಪನನ್ನು ಎಳೆದು ಕೂರಿಸುತ್ತದೆ, ಮಧ್ಯಾಹ್ನ ನನ್ನನ್ನು. ಸೋತವರು ಅದರ ಕಾಲು ಒತ್ತಬೇಕು. ಹನ್ನೊಂದು ದಿನ ಬಿಡದೆ ಒತ್ತಿದ ಮೇಲೆ ನಾನು ಮೆಲ್ಲಗೆ ಮೇಸ್ತ್ರಿಗೆ ಫೋನ್ ಮಾಡಿದೆ.

"ಆ ನಡುವಿನ ಕಲ್ಲು ಇನ್ನೊಂದ್ಸಲ ಮಗುಚೋಕಾಯ್ತದಾ?"

ಮೇಸ್ತ್ರಿ ನಕ್ಕ. "ಬೆಳಿಗ್ಗೆ ನಿಮ್ಮಪ್ಪಾರೂ ಇದನ್ನೇ ಕೇಳಿದ್ರು ಕಣ್ಲಾ."