ಕೊಲೆಗಾರ ಬಾಗಿಲು ತಟ್ಟಿದಾಗ

ಭಯ ಹುಟ್ಟಿಸಲು ರಕ್ತ ಬೇಡ, ಭೂತ ಬೇಡ. ಕ್ಯಾಮೆರಾದ ನಿಧಾನ ನಡೆ ಹಾಗೂ ಹದವರಿತ ಶಬ್ದ ಸಾಕು ಎಂಬುದು ಸಿನಿಮಾ ತರಗತಿಯಲ್ಲಿ ನಾನು ಕಲಿತ ಪಾಠ. ಆದ್ದರಿಂದ ಕೊನೆಯ ಸೆಮಿಸ್ಟರಿನ ಕಿರುಚಿತ್ರವನ್ನು ಆರ್‌ಪಿಸಿ ಲೇಔಟಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿಯೇ ಚಿತ್ರೀಕರಿಸಲು ಪೂರ್ಣ ವಿಶ್ವಾಸದಿಂದ ತೀರ್ಮಾನಿಸಿದೆ. ಇದರಲ್ಲಿ ಫೇಲಾದರೆ ಪದವಿ ಇಲ್ಲ. ನಮ್ಮ ವಂಶದಲ್ಲಿ ಪದವಿ ಪಡೆಯಲಿರುವ ಮೊದಲಿಗ ನಾನು. ಈ ವಿಷಯವನ್ನು ಅಪ್ಪ ಬ್ಯಾಡರಹಳ್ಳಿಯವರೆಗಿನ ಸಕಲ ಬಂಧುಗಳಿಗೂ ಆಗಲೇ ತಿಳಿಸಿಯಾಗಿತ್ತು!

ದೃಶ್ಯ ಸರಳ. ಒಂಟಿ ಹೆಂಗಸು ತರಕಾರಿ ಹೆಚ್ಚುತ್ತಿರುತ್ತಾಳೆ. ಕೊಲೆಗಾರ ಬಾಗಿಲು ತಟ್ಟುತ್ತಾನೆ. ಆಕೆ ಅಲುಗಾಡುವುದಿಲ್ಲ, ಕ್ಯಾಮೆರಾ ಅವಳ ಕಣ್ಣುಗಳತ್ತ ಸರಿಯುತ್ತದೆ. ನಾಯಕಿ ನಮ್ಮಮ್ಮ. ಹೊರಗೆ ನಿಂತು ತಟ್ಟುವ ಕೊಲೆಗಾರ, ಎದುರುಮನೆಯ ಪದ್ಮಾ ಆಂಟಿ.

ಟಕ್. ಟಕ್.

"ಬಂದೆ, ಇರಿ!" ಎಂದ ಅಮ್ಮ ಓಡಿಹೋಗಿ ಬಾಗಿಲು ತೆರೆದರು.

"ಅಮ್ಮಾ, ತೆಗೀಬಾರ್ದು! ಹೊರಗಿರೋದು ಕೊಲೆಗಾರ!"

"ಯಾರಾದ್ರೇನೋ, ಬಂದೋರನ್ನ ಬಾಗಿಲಲ್ಲೇ ನಿಲ್ಲಿಸ್ತಾರಾ? ಬನ್ನಿ ಪದ್ಮಾ, ಕೂತ್ಕೊಳ್ಳಿ."

ನಾಲ್ಕು ಸಲ ತಟ್ಟಿಸಿದೆ. ನಾಲ್ಕು ಸಲವೂ ಕೊಲೆಗಾರನಿಗೆ ಸ್ವಾಗತ ದೊರೆಯಿತು. ನಾಲ್ಕನೆಯ ಸಲ ಅಮ್ಮ ಕಾಫಿಗೆಂದು ಹಾಲನ್ನೂ ಒಲೆಗಿಟ್ಟರು. ತಟ್ಟುವ ಶಬ್ದವನ್ನು ಆಮೇಲೆ ಸೇರಿಸಿಕೊಳ್ಳುವುದೆಂದು ನಿರ್ಧರಿಸಿ, "ಏನೇ ಆದ್ರೂ ಇಬ್ರೂ ಅಲ್ಲಾಡ್ಬೇಡಿ, ಮಾತಾಡ್ಬೇಡಿ" ಎಂದು ಕೈಮುಗಿದು, ಕ್ಯಾಮೆರಾ ಹಿಡಿದು ಮೊಣಕಾಲಿನಲ್ಲಿ ತೆವಳಿದೆ.

ಆಗ ನಡೆಯಿತು ಪವಾಡ! ಅಮ್ಮನ ಕಣ್ಣುಗಳು ಅಗಲವಾದವು. ತುಟಿ ನಡುಗಿತು. ಹೆಡ್‌ಫೋನಿನಲ್ಲಿ ಎಲ್ಲಿಂದಲೋ "ಸ್ಸ್ಸ್" ಎಂಬ ನಿಗೂಢ ಸದ್ದು. ಇದಕ್ಕಿಂತ ಸಹಜವಾದ ಭಯವುಂಟೆ?

"ಕಟ್!" ಎಂದೊಡನೆ ಅಮ್ಮ ಚೀರಿದರು: "ಹಾಲು ಉಕ್ಕಿಹೋಯ್ತು ಕಣೋ, ದರಿದ್ರದೋನೇ!"

ಆ ಸದ್ದನ್ನು ನಾನು ಅಳಿಸಲಿಲ್ಲ. ಇನ್ನಷ್ಟು ಜೋರು ಮಾಡಿದೆ!

ಪ್ರದರ್ಶನದ ದಿನ ಕಾಲೇಜಿನ ಸಭಾಂಗಣದಲ್ಲಿ ವಿದ್ಯಾರ್ಥಿಗಳ ತಂದೆತಾಯಂದಿರೆಲ್ಲ ನೆರೆದಿದ್ದರು. ಪರದೆಯ ಮೇಲೆ ಕೊಲೆಗಾರ ಬಾಗಿಲು ತಟ್ಟಿದ. ಯಾರೂ ಬೆದರಲಿಲ್ಲ. "ಸ್ಸ್ಸ್" ಎಂದಿತು ನೋಡಿ, ಮುಂದಿನ ಸಾಲಿನ ತಾಯಂದಿರು ಧಡಕ್ಕನೆ ಎದ್ದು ನಿಂತರು.

"ಅಯ್ಯೋ, ಹಾಲು! ಹಾಲು!"

"ಸ್ಟವ್ ಆಫ್ ಮಾಡಮ್ಮಾ, ಏನ್ ನೋಡ್ತಾ ಕೂತಿದೀಯ!"

ಕೊಲೆಗಾರ ಪಾಪ, ತಟ್ಟುತ್ತಲೇ ಇದ್ದ. ಕೇಳುವವರಿಲ್ಲ.

ಮೌಲ್ಯಮಾಪನದ ಹಾಳೆಯನ್ನು ಬಿಡಿಸಿದೆ. "ಉದ್ವೇಗ: ಹತ್ತಕ್ಕೆ ಒಂಬತ್ತು, ಹಾಲಿನ ಸಲುವಾಗಿ. ನಿರ್ದೇಶನ: ಎರಡು." ಕೂಡಿಸಿದರೆ ಪಾಸು. ಹೀಗೆ ನಾನು ಪದವೀಧರನಾದೆ. ಹಾಲನ್ನು ಒಲೆಗಿಟ್ಟವರು ಅಮ್ಮ, ಹೆದರಿದವರೂ ಅಮ್ಮ. ನನ್ನ ಸ್ವಂತ ಕೊಡುಗೆಯೆಂದರೆ, ಅದು ಉಕ್ಕುವುದನ್ನು ಗಮನಿಸದೇ ಇದ್ದದ್ದು!