ತಾಡಪತ್ರಿ ತೊಟ್ಟ ಎರ್ರೆಪ್ಪ

ಯಂಕಮ್ಮ: ಅಲ್ರಿ, ಇದು ಲಾರಿಗೆ ಹೊದಸೋದಾ, ಗಂಡಗ ಹೊದಸೋದಾ? ಅಷ್ಟು ಹೇಳಿಬಿಡ್ರಿ, ನಾ ಬಾಯಿ ಮುಚ್ಕೊಂಡು ಒಳಗ ಹೋಗ್ತೀನಿ.

ಯಂಕಮ್ಮ ಬಾಯಿ ಮುಚ್ಚಿಕೊಂಡು ಒಳಗೆ ಹೋದದ್ದನ್ನು ಎರ್ರೆಪ್ಪ ಮದುವೆಯಾದಾಗಿನಿಂದ ಒಮ್ಮೆಯೂ ಕಂಡವನಲ್ಲ. ಅದಕ್ಕೇ ಪಡಸಾಲೆಯ ನಡುವೆ ಎರಡೂ ಕೈ ಚಾಚಿಕೊಂಡು ಹೊಲದ ಬೆದರುಗೊಂಬೆಯಂತೆ ನಿಂತೇ ಇದ್ದ. ಮೈತುಂಬ ಲಾರಿಗೆ ಹೊದಿಸುವ ನೀಲಿ ತಾಡಪತ್ರಿ. ಅಂಗಿಯೂ ತಾಡಪತ್ರಿ, ಪ್ಯಾಂಟೂ ತಾಡಪತ್ರಿ. ಅಂಚಿಗೆಲ್ಲ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣು, ಕಣ್ಣಿಗೊಂದು ನೈಲಾನು ಹಗ್ಗ. ಅವನ ಬೆನ್ನ ಹಿಂದೆ ಮಂಡಿಯೂರಿ ಕೂತು ಹಗ್ಗ ಬಿಗಿಯುತ್ತಿದ್ದವನು ಖಾಜಾಮಿಯಾ. ಸಿರುಗುಪ್ಪದ ಅಕ್ಕಿ ಮಿಲ್ಲುಗಳಿಗೆ, ಲಾರಿಗಳಿಗೆ ಬೇಕಾದ ತಾಡಪತ್ರಿ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮನುಷ್ಯನಿಗೆ ಹೊಲಿದದ್ದು ಮಾತ್ರ ಇದೇ ಮೊದಲು.

ಬೆಳಗಿನ ಆರೂವರೆ. ಬೇಸಿಗೆ ಬೆಳೆಯ ಸುಗ್ಗಿ. ಸೂರ್ಯ ಆಗಲೇ ಕಟ್ಟೆ ಹತ್ತಿ ಕೂತಿದ್ದ.

ಸಂಗತಿ ಇಷ್ಟು. ಬಳ್ಳಾರಿಯ ಡಾಕ್ಟರು ಹೋದ ತಿಂಗಳು ಎರ್ರೆಪ್ಪನನ್ನು ತಕ್ಕಡಿ ಹತ್ತಿಸಿ ಚೀಟಿಯ ಮೇಲೆ ತೊಂಬತ್ತೊಂದು ಎಂದು ಬರೆದರು. ದಿನಾ ನಡೆಯಿರಿ, ನಾಲ್ಕು ಕಿಲೋ ಇಳಿಸಿಕೊಂಡು ಬನ್ನಿ, ಇಲ್ಲದಿದ್ದರೆ ಸಕ್ಕರೆ ಕಾಯಿಲೆಗೆ ದಿನಾ ಸೂಜಿ, ಎಂದರು. ಎರ್ರೆಪ್ಪನ ಕಿವಿಗೆ ಬಿದ್ದದ್ದು ಕೊನೆಯ ಎರಡು ಮಾತು ಮಾತ್ರ. ಅಂಜುವುದರಲ್ಲೇ ಮೂರು ವಾರ ಕಳೆದುಹೋದವು. ಈಗ ಡಾಕ್ಟರು ಮತ್ತೆ ತೂಗುವ ಸೋಮವಾರಕ್ಕೆ ಉಳಿದದ್ದು ಆರು ದಿನ, ಇಳಿಯಬೇಕಾದದ್ದು ಅವೇ ನಾಲ್ಕು ಕಿಲೋ.

ಯಂಕಮ್ಮ: ಮೂವತ್ತು ವರ್ಷ ಮಿಲ್ಲಿನಾಗ ದಬ್ಬಣ ಕೊಟ್ಟು ಚೀಲ ಹೊಲಸಿದಾಂವ. ಕೂದಲಿನಷ್ಟು ಸೂಜಿಗೆ ಅಂಜತಾನ ನೋಡ್ರಿ!

ಎರ್ರೆಪ್ಪ: ಚೀಲಕ್ಕ ನೋವಾಗತೈತೇನಲೇ?

ಯಂಕಮ್ಮ: ನಡೀರಿ ಅಂದ್ರ ನಡೀಬೇಕು. ಈ ವೇಷ ಯಾಕ?

ಎರ್ರೆಪ್ಪ: ಲೇ ಯಂಕಿ, ನಿನಗ ತಿಳಿಯಂಗಿಲ್ಲ. ಹಸಿ ಭತ್ತ ಒಂದು ಚೀಲ ಬರ್ತೈತಿ, ತೂಗಿದ್ರ ಎಪ್ಪತ್ತೈದು ಕಿಲೋ. ಒಣಗಿಸಿ ತೂಗು, ಎಪ್ಪತ್ತು. ಐದು ಕಿಲೋ ಎಲ್ಲಿಗೆ ಹೋತು?

ಯಂಕಮ್ಮ: ನಿಮ್ಮ ಮಿಲ್ಲಿನ ಸಾವ್ಕಾರನ ಹೊಟ್ಟಿಗಿ.

ಎರ್ರೆಪ್ಪ: ನೀರು! ನೀರು ಹೋತು! ಮನಷಾನೂ ಹಂಗ. ಮೈಯಾಗಿನ ತೇವ ಹೋದ್ರ ತೂಕ ತಾನ ಇಳೀತೈತಿ. ಇದನ್ನ ತೊಟ್ಕೊಂಡು ಕಾಲುವಿ ದಂಡಿ ಮ್ಯಾಲೆ ದಿನಾ ಒಂದು ತಾಸು ನಡದ್ನೆಂದ್ರ ಬೆವರು ಧಾರಿ ಧಾರಿ. ಸೋಮವಾರದೊಳಗ ನಾ ಗಟ್ಟಿ ಕಾಳು.

ಭತ್ತದ ವಿಷಯದಲ್ಲಿ ಎರ್ರೆಪ್ಪನ ಮಾತೆಂದರೆ ಕಲ್ಲಿನ ಮೇಲೆ ಕೆತ್ತಿದ್ದು. ತೇವ ನೋಡುವ ಮಿಷನ್ನು ಬಂದ ಮೇಲೂ ಸಾವುಕಾರ ಅದನ್ನು ಬದಿಗಿಟ್ಟು ಎರ್ರೆಪ್ಪನ ಹಲ್ಲನ್ನೇ ನಂಬುತ್ತಿದ್ದ. ಒಂದು ಕಾಳು ಕಚ್ಚಿ ಇಂತಿಷ್ಟು ತೇವ ಎಂದರೆ ಮುಗಿಯಿತು. ಅಂಥವನಿಗೆ ತನ್ನ ಮೈಯ ತೇವ ತಿಳಿಯದೇ?

ಯಂಕಮ್ಮ: ಖಾಜಾ, ಅಂವ ಕೇಳಿದ, ಸರಿ. ನಿನಗರ ಬುದ್ಧಿ ಬ್ಯಾಡೇನೋ ತಮ್ಮಾ, ಇದನ್ನ ಹೊಲಿಯಾಕ?

ಖಾಜಾಮಿಯಾ: ಅಲ್ಲಾನಾಣಿ ನನಗ ಗೊತ್ತಿಲ್ಲಕ್ಕಾ. ಭಾವ ಫೋನಿನಾಗ ಅಳತಿ ಹೇಳಿದ್ರು, ಸುತ್ತಳತಿ ನಲವತ್ತೆಂಟು, ಎತ್ತರ ಇಷ್ಟು. ನಾ ಮಿಲ್ಲಿನ ಮೋಟರಿಗೆ ಗವುಸು ಅನ್ಕೊಂಡೆ.

ಎರ್ರೆಪ್ಪ: ಮೋಟರಿಗೆ ಎರಡು ಕಾಲು ಇರ್ತಾವೇನೋ?

ಖಾಜಾಮಿಯಾ: ಪೈಪು ಅನ್ಕೊಂಡೆ ಭಾವ.

ಎರ್ರೆಪ್ಪ: ತೋಳು?

ಖಾಜಾಮಿಯಾ: ಅವೂ ಪೈಪು. ಡಬಲ್ ಪೈಪಿನ ಹೊಸಾ ಮೋಟರು ಬಂದಿರಬೇಕು ಅನ್ಕೊಂಡು ಗಟ್ಟಿಮುಟ್ಟಾಗಿ ಹೊಲದೀನಿ. ನೋಡ್ರಿ, ಒಂದು ಹನಿ ನೀರು ಒಳಗ ಬರಂಗಿಲ್ಲ.

ಯಂಕಮ್ಮ: ಒಳಗಿನ ಹನಿ ಹೊರಗೂ ಬರಂಗಿಲ್ಲ. ಭಾಳ ಚೆಂದಾತು.

ಎರ್ರೆಪ್ಪ ಒಂದು ಹೆಜ್ಜೆ ಇಟ್ಟ. ಪರ್ರ್ ಎಂದಿತು. ಇನ್ನೊಂದು ಇಟ್ಟ. ಅದೂ ಪರ್ರ್. ಮಂಡಿ ಮಡಚಲು ಬರದೆ ಕಾಲುಗಳು ಒನಕೆಯಂತೆ ಮುಂದಕ್ಕೆ ಹೋದವು. ಓಣಿಯ ನಾಯಿ ಬಾಗಿಲಿಗೆ ಬಂದು ಒಮ್ಮೆ ನೋಡಿ, ಬೊಗಳಬೇಕೋ ಬೇಡವೋ ತಿಳಿಯದೆ ಹಿಂದಕ್ಕೆ ಸರಿಯಿತು.

ಯಂಕಮ್ಮ: ರಸ್ತಾದ ತುಂಬ ಭತ್ತದ ಟ್ರ್ಯಾಕ್ಟರು ಓಡಾಡ್ತಾವ. ಕಾಲು ತೊಡರಿ ಬಿದ್ರಂದ್ರ, ಯಾವುದೋ ಟ್ರ್ಯಾಲಿಯಿಂದ ಬಿದ್ದ ಲೋಡು ಅಂತ ಎತ್ಕೊಂಡು ಹೋಗಿ ಹಚ್ಚೊಳ್ಳಿ ಮಿಲ್ಲಿನಾಗ ಇಳಿಸಿಬಿಡ್ತಾರ.

ಖಾಜಾಮಿಯಾ: ಇಳಿಸಿದ್ರೂ ಚಿಂತಿಲ್ಲಕ್ಕಾ, ಹಗ್ಗ ಬಿಚ್ಚಂಗಿಲ್ಲ. ನನ್ನ ಗಂಟು ಹಂಗೈತಿ.

ಯಂಕಮ್ಮ: ಹೌದಾ? ನಡುದಾರ್ಯಾಗ ಒಂದಕ್ಕ ಬಂದ್ರ?

ಎರ್ರೆಪ್ಪನ ಮುಖ ಮೊದಲ ಸಲ ಸಣ್ಣಗಾಯಿತು. ಇದನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಕ್ಕರೆಯವನಿಗೆ ಗಳಿಗೆಗೊಮ್ಮೆ ಅದೇ ಕೆಲಸ.

ಎರ್ರೆಪ್ಪ: ಲೇ ಖಾಜಾ, ಬಿಚ್ಚೋದು ಹೆಂಗೋ?

ಖಾಜಾಮಿಯಾ: ಹಿಂದಿಂದ ಭಾವ. ಒಬ್ರು ಹಿಡೀಬೇಕು, ಒಬ್ರು ಎಳೀಬೇಕು. ಲಾರಿಗೂ ಇಬ್ರು ಬೇಕಲ್ರಿ.

ಯಂಕಮ್ಮ: ಇಬ್ರು ಹಮಾಲರನ್ನ ಕರ್ಕೊಂಡು ವಾಕಿಂಗ್ ಹೋಗ್ರಿ ಹಂಗಾರ.

ಎರ್ರೆಪ್ಪ: ಬರಂಗಿಲ್ಲ! ಎಲ್ಲಾ ನೀರು ಬೆವರಾಗೇ ಹೋದ ಮ್ಯಾಲೆ ಅದೆಲ್ಲಿಂದ ಬರ್ತೈತಿ?

ಬೆವರೇನೋ ಹೋಗುತ್ತಲೇ ಇತ್ತು. ಹೊಸ್ತಿಲು ದಾಟುವ ಮೊದಲೇ ಗದ್ದದಿಂದ ಹನಿ ಹನಿ ತೊಟ್ಟಿಕ್ಕಿ, ಪ್ಯಾಂಟಿನ ಕೆಳಗೆ ಸಣ್ಣದೊಂದು ಕೆರೆಯೇ ಕಟ್ಟಿತ್ತು. ಎರ್ರೆಪ್ಪ ಅದನ್ನು ನೋಡಿ ಹಿಗ್ಗಿದ. ಅರ್ಧ ಕಿಲೋ ಹೋಯಿತು ಎಂದು ಮನಸ್ಸಿನಲ್ಲೇ ಬರೆದುಕೊಂಡ. ಅಷ್ಟರಲ್ಲಿ ಪಡಸಾಲೆಯ ಕಂಬ ಒಂದಿದ್ದದ್ದು ಎರಡಾಯಿತು. ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ನಡುವೆ ಕೈ ಹಾಕಿದ. ಕೈಗೆ ಸಿಕ್ಕದ್ದು ಖಾಜಾಮಿಯಾನ ತಲೆ.

ಖಾಜಾಮಿಯಾ: ತೋಬಾ! ಅಕ್ಕಾ, ಭಾವ ವಾಲಾಕತ್ಯಾರ!

ಯಂಕಮ್ಮ: ಕಣ್ಣಿಗೆ ಕತ್ತಲಿ ಬಂತೇನ್ರಿ? ಬಿಚ್ರಿ ಮೊದ್ಲು!

ಎರ್ರೆಪ್ಪ: ಏನಾಗಿಲ್ಲ. ತೇವ ಹೋಗಾಕತೈತಿ, ಅಷ್ಟ. ಮುಟ್ಟಿಗಿಟ್ಟೀಯ!

ಯಂಕಮ್ಮನಿಗೆ ಗೊತ್ತಿತ್ತು: ಬೈದರೆ ಗಂಡನ ಹಟ ಇಮ್ಮಡಿ, ಅತ್ತರೆ ಮುಮ್ಮಡಿ. ದನಿ ಬದಲಿಸಿ, ಏನೂ ಆಗಿಲ್ಲವೆನ್ನುವಂತೆ ಸೆರಗು ಸರಿಮಾಡಿಕೊಂಡಳು.

ಯಂಕಮ್ಮ: ಆತು, ಹೋಗ್ರಿ. ಹೋಗೂಕಿಂತ ಮೊದ್ಲು ಒಂದು ಮಾತು. ತೆಕ್ಕಲಕೋಟಿಯಿಂದ ನನ್ನ ತಮ್ಮ ಪರಶು ಫೋನ್ ಮಾಡಿದ್ದ. ಹಸಿ ಭತ್ತ ಕೊಯ್ಸಿ ರಾಶಿ ಹಾಕ್ಯಾನಂತ. ತೂಕ ಲಗೂನ ಇಳೀಲಿ ಅಂತ ಮ್ಯಾಲೆ ತಾಡಪತ್ರಿ ಹೊದ್ಸಿ, ಹಗ್ಗ ಬಿಗದು, ಬಿಸಿಲಾಗ ಬಿಟ್ಟಾನಂತ. ಹಂಗ ಇರಲಿ ಅನ್ಲೇನು?

ಎರ್ರೆಪ್ಪನ ಕಣ್ಣುಗಳು ಥಟ್ಟನೆ ತೆರೆದವು.

ಎರ್ರೆಪ್ಪ: ಏನಂದಿ? ಹಸಿ ಭತ್ತಕ್ಕ ತಾಡಪತ್ರಿ ಹೊದ್ಸ್ಯಾನಾ? ನಿಮ್ಮ ವಂಶದಾಗ ಯಾರಿಗರ ತಲಿ ಐತೇನಲೇ? ಒಳಗ ಕಾವು ಏರಿ ಕುದ್ದು ಹೋಗತೈತಿ! ಮುಗ್ಗು ಬರತೈತಿ! ಸಂಜಿಗೆ ಕೈ ಹಾಕಿದ್ರ ಕೈ ಸುಡತೈತಿ!

ಯಂಕಮ್ಮ: ಅಯ್ಯ, ಮತ್ತ ಒಣಗಂಗಿಲ್ಲೇನ್ರಿ?

ಎರ್ರೆಪ್ಪ: ಹೆಂಗ ಒಣಗತೈತಿ? ಗಾಳಿ ಆಡಬೇಕು, ಗಾಳಿ! ಹಗ್ಗ ಬಿಚ್ಚಿ ಒಗಿ ಅನ್ನು ಅವನಿಗೆ! ತೆಳ್ಳಗ ಹರವಬೇಕು, ಸಡ್ಲ ಬಿಡಬೇಕು, ಬಿಸಿಲು ಏರಿದ್ರ ನೆಳ್ಳಿಗೆ ಎಳೀಬೇಕು. ಈಗಿಂದೀಗ ಫೋನ್ ಹಚ್ಚು!

ಯಂಕಮ್ಮ: ಖಾಜಾ, ಕೇಳಿದ್ಯಲ್ಲ? ಭಾವ ಅಪ್ಪಣಿ ಕೊಟ್ಟಾರ. ಹಗ್ಗ ಬಿಚ್ಚು.

ಎರ್ರೆಪ್ಪ ಕೆಳಗೆ ತನ್ನ ನೀಲಿ ಹೊಟ್ಟೆಯನ್ನು ನೋಡಿಕೊಂಡ. ಒಳಗೆ ಕೈ ಹಾಕಲು ದಾರಿಯಿರಲಿಲ್ಲ. ಹಾಕಿದ್ದರೆ ಸುಡುತ್ತಿತ್ತೆಂದು ಅವನಿಗೇ ಅನ್ನಿಸಿತು. ಇಷ್ಟು ವರ್ಷ ಯಾವ ರೈತನಿಗೂ ತಪ್ಪು ಹೇಳದ ಹಲ್ಲು ಈಗ ಅವನದೇ ನಾಲಿಗೆ ಕಚ್ಚಿತ್ತು.

ಎರ್ರೆಪ್ಪ: ...ಬಿಚ್ಚೋ ಖಾಜಾ.

ಬೆವರಿಗೆ ನೆನೆದ ಗಂಟು ಕಲ್ಲಾಗಿತ್ತು. ಖಾಜಾಮಿಯಾ ಎಳೆದ, ಕಚ್ಚಿದ, ಕೊನೆಗೆ ಚೀಲದಿಂದ ಗೇಣುದ್ದದ ದಬ್ಬಣ ತೆಗೆದ.

ಎರ್ರೆಪ್ಪ: ಏಯ್! ಅದೇನದು? ಎಲ್ಲಿಗೆ ಚುಚ್ಚಾಕ ಹೊಂಟಿ?

ಖಾಜಾಮಿಯಾ: ಗಂಟಿಗೆ ಭಾವ, ಗಂಟಿಗೆ! ಅಲುಗಾಡಬ್ಯಾಡ್ರಿ, ಅಲುಗಾಡಿದ್ರ ಮಾತ್ರ ನಿಮಗ.

ಅಷ್ಟೊಂದು ಅಲುಗಾಡದೆ ಎರ್ರೆಪ್ಪ ತನ್ನ ಮದುವೆಯ ಹಸೆಮಣೆಯ ಮೇಲೂ ಕೂತಿರಲಿಲ್ಲ. ಕಡೆಯ ಹಗ್ಗ ಸಡಿಲಾದೊಡನೆ ತಾಡಪತ್ರಿ ಕಳಚಿತು. ಅವನು ಉಸ್ಸಪ್ಪಾ ಎಂದು ಕೂತು ಒಂದು ತಂಬಿಗೆ ನೀರು ಗಟಗಟ ಕುಡಿದ. ಯಂಕಮ್ಮ ಬೀಸಣಿಗೆಯಿಂದ ಗಾಳಿ ಹಾಕಿದಳು.

ಎರ್ರೆಪ್ಪ: ನನಗ ಗಾಳಿ ಆಮ್ಯಾಲೆ ಹಾಕು. ಪರಶುಗ ಫೋನ್ ಹಚ್ಚು ಮೊದ್ಲು, ರಾಶಿ ಮುಗ್ಗಾಗತೈತಿ.

ಯಂಕಮ್ಮ: ಪರಶು ಈ ಸಲ ಭತ್ತಾನ ಹಾಕಿಲ್ರಿ. ಮೆಣಸಿನಕಾಯಿ ಹಾಕ್ಯಾನ.

ಖಾಜಾಮಿಯಾ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸಿಕೊಂಡು ನಕ್ಕ. ಎರ್ರೆಪ್ಪ ಅದನ್ನು ಕಂಡೂ ಕಾಣದವನಂತೆ ಇನ್ನೊಂದು ತಂಬಿಗೆ ನೀರು ಕೇಳಿದ.

ನೆಳಲಲ್ಲಿ ಕೂತು ಮೈ ತಣ್ಣಗಾಗಲು ಅರ್ಧ ತಾಸು ಹಿಡಿಯಿತು. ಅಷ್ಟರಲ್ಲಿ ಯಂಕಮ್ಮ ಪೆಟ್ಟಿಗೆಯಿಂದ ತೆಳು ನೂಲಿನ ಬಿಳಿ ಜುಬ್ಬ, ಲಾಡಿ ಪೈಜಾಮ ತಂದಿಟ್ಟಳು.

ಎರ್ರೆಪ್ಪ: ಬಿಳೀದು ಹೊಲಸಾಗತೈತಿ.

ಯಂಕಮ್ಮ: ಒಗಿಯಾಕಿ ನಾನು. ಟ್ರ್ಯಾಕ್ಟರಿನಾಂವಗ ದೂರದಿಂದ ಕಾಣಬೇಕು, ಅಷ್ಟ.

ಎರ್ರೆಪ್ಪ: ಪೈಜಾಮ ಉದ್ದ ಐತಿ, ಹಿಮ್ಮಡಿಗೆ ಸಿಗತೈತಿ.

ಖಾಜಾಮಿಯಾ: ನಿಂದರ್ರಿ ಭಾವ, ನಾಲ್ಕು ಬೆರಳು ಗಿಡ್ಡ ಮಾಡ್ತೀನಿ. ಈ ಸಲ ಪೈಪು ಅನ್ನಂಗಿಲ್ಲ, ಕಾಲು ಅಂತನೇ ಹೊಲೀತೀನಿ.

ಎರ್ರೆಪ್ಪ: ಕಾಲಿಗೆ ಹವಾಯಿ ಚಪ್ಪಲಿ ಸಾಕು.

ಯಂಕಮ್ಮ: ಅದರ ಉಂಗಟ ಹರದು ಪಿನ್ನಿನ ಮ್ಯಾಲೆ ನಿಂತೈತಿ. ಬೂಟು ಹಾಕ್ರಿ. ಹೋದ ತಿಂಗಳು ತಂದವು ಡಬ್ಬ್ಯಾಗ ಕುಂತು ನಿಮಗಿಂತ ಮೊದ್ಲ ಮುಪ್ಪಾಗಾಕತ್ಯಾವ. ಇವತ್ತು ಓಣಿಯ ನೆಳ್ಳಾಗ ಎರಡು ಸುತ್ತು ಸಾಕು. ನಾಳಿಂದ ಐದೂವರಿಗೆಲ್ಲಾ ಎಬ್ಬಸ್ತೀನಿ.

ಜುಬ್ಬ ತೊಟ್ಟು, ಬೂಟು ಕಟ್ಟಿ, ಎರ್ರೆಪ್ಪ ಬೀದಿಗಿಳಿದ. ಹತ್ತು ಹೆಜ್ಜೆ ಹೋದ, ಇಪ್ಪತ್ತು ಹೋದ. ಬಗಲಲ್ಲಿ ಗಾಳಿ ಸುಳಿದಾಡಿತು. ಮಂಡಿ ಮಡಚಿತು. ನಡೆಯುವುದು ಇಷ್ಟು ಸುಲಭವೆಂದು ಯಾರೂ ಅವನಿಗೆ ಹೇಳಿರಲಿಲ್ಲ, ಹೇಳಿದ್ದು ಡಾಕ್ಟರೊಬ್ಬರೇ. ಬೇವಿನ ಗಿಡದವರೆಗೆ ಹೋದವನು ಗಕ್ಕನೆ ನಿಂತು ತಿರುಗಿ ಕೂಗಿದ.

ಎರ್ರೆಪ್ಪ: ಲೇ ಯಂಕೀ! ಮೈ ಹೂವಾದಂಗಾಗೈತಿ! ಆಗಲೇ ನಾಲ್ಕು ಕಿಲೋ ಇಳಿದಂಗೈತಿ ನೋಡು!

ಖಾಜಾಮಿಯಾ: ತಾಡಪತ್ರಿ ತೂಕ ಭಾವ ಅದು! ಕಣ್ಣು, ಹಗ್ಗ ಎಲ್ಲಾ ಸೇರಿ ಸರಿಯಾಗಿ ನಾಲ್ಕು ಕಿಲೋ!

ಎರ್ರೆಪ್ಪ ನಿಂತಲ್ಲೇ ಕಲ್ಲಾದ. ಮೂವತ್ತು ವರ್ಷ ತುಂಬಿದ ಲಾರಿಯನ್ನೊಮ್ಮೆ, ಖಾಲಿ ಲಾರಿಯನ್ನೊಮ್ಮೆ ತೂಗಿದ ತಲೆ ಒಳಗೊಳಗೇ ಗರಗರ ತಿರುಗಿತು. ಮುಖ ಅರಳಿತು, ಮರುಗಳಿಗೆಯಲ್ಲಿ ಬಾಡಿತು. ಖಾಜಾಮಿಯಾನನ್ನು ನೋಡಿದ ನೋಟದಲ್ಲಿ ಒಂದು ಜನ್ಮದ ಸಂಕಟವಿತ್ತು.

ಎರ್ರೆಪ್ಪ: ನಾಲ್ಕು ಕಿಲೋ! ಥೂ ನಿನ್ನ! ಇದನ್ನ ಹೋದ ತಿಂಗಳ ಹೊಲ್ಕೊಡಬಾರದಿತ್ತೇನೋ? ಡಾಕ್ಟರ ಮುಂದ ಮೊದಲನೇ ತೂಕ ಇದನ್ನ ತೊಟ್ಕೊಂಡು ಕೊಡ್ತಿದ್ದೆ!