ಮೂರು ಬೈಗುಳ, ಒಂದು ನೀಲಿ ಬಾಟ್ಲು

ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದು ಸೈಕಲ್ ಶಾಪು. ದಿನ ಬೆಳಗಾದರೆ ಒಂದಲ್ಲ ಒಂದು ತಮಾಷೆ ಅಲ್ಲಿಗೆ ತಾನಾಗಿಯೇ ಉರುಳಿಕೊಂಡು ಬರುತ್ತದೆ. ಗಾಳಿ ಇಲ್ಲದಿದ್ದರೆ ತಳ್ಳಿಸಿಕೊಂಡಾದರೂ ಬರುತ್ತದೆ.

ಕಳೆದ ವರ್ಷ ನಾನು ಮೈಸೂರಿನಿಂದ ಒಂದು ಪುಟ್ಟ ಬಾಟ್ಲು ಥ್ರೆಡ್‌ಲಾಕ್ ತಂದೆ. ನೀಲಿ ಅಂಟು. ಬೋಲ್ಟಿಗೆ ಒಂದು ತೊಟ್ಟು ಬಿಟ್ಟು ನಟ್ಟು ಬಿಗಿದರೆ ಎಂಥ ಗುಂಡಿ ರಸ್ತೆಯಲ್ಲೂ ಸಡಿಲವಾಗುವುದಿಲ್ಲ. ನಮ್ಮ ಅಬ್ಬನಿಗೆ, ಅಂದರೆ ನಮ್ಮ ತಂದೆಗೆ, ಅದನ್ನು ಕಂಡರಾಗದು. ನಲವತ್ತು ವರ್ಷ ವಾಷರ್ರು, ಗ್ರೀಸು ನಂಬಿ ಬದುಕಿದ ಜೀವ.

“ಬಣ್ಣದ ನೀರು ತಂದವ್ನೆ,” ಎಂದರು. “ಒಂದ್ ತಿಂಗ್ಳು ನೋಡ್ತೀನಿ. ಮೂರು ಜನ ಬಂದು ಬೈದ್ರೆ ಬಾಟ್ಲು ಮೋರಿಗೆ.”

ನನಗೋ ಹಟ. ತಲೆಗೂದಲು ನೆರೆಯುತ್ತ ಬಂದರೂ ಅಂಗಡಿಯಲ್ಲಿ ನನ್ನ ಮಾತು ನಡೆಯುವುದಿಲ್ಲವಲ್ಲ ಎಂಬ ಹೊಟ್ಟೆಯುರಿ ಬೇರೆ. ಬಾಟ್ಲು ಉಳಿದರೆ ನನ್ನ ಮಾನ ಉಳಿದಂತೆ ಎಂದುಕೊಂಡೆ.

1. ಸದ್ದಿಲ್ಲದ ಸೊಪ್ಪು

ಮೊದಲು ಸಿಕ್ಕಿದ್ದು ಸೊಪ್ಪು ಮಾರುವವನ ಸೈಕಲ್ಲು. ಬೀದಿಯ ಆ ತುದಿಗೆ ಬಂದರೆ ಈ ತುದಿಗೆ ಕೇಳುವಷ್ಟು ಲಟಲಟ ಸದ್ದು. ಮಡ್‌ಗಾರ್ಡು, ಕ್ಯಾರಿಯರು, ಚೈನ್ ಕವರು, ಒಂದನ್ನೂ ಬಿಡದೆ ವಾಷರ್ ಕೊಟ್ಟು, ಅಂಟು ಹಾಕಿ ಬಿಗಿದೆ. ಬೆಕ್ಕು ನಡೆದ ಹಾಗೆ ಹೋಯಿತು.

ಮಾರನೆಯ ದಿನ ಬಾಡಿದ ದಂಟಿನ ಕಂತೆಗಳ ಸಮೇತ ಬಂದು ನಿಂತ.

“ಏನ್ ಮಾಡ್ಬುಟ್ರಿ ಭಾಯ್? ಮೂರ್ ಬೀದಿ ಸುತ್ತಿವ್ನಿ, ಒಬ್ರೂ ಈಚೆಗೆ ಬರ್ನಿಲ್ಲ.”

“ಕೂಗ್ಬೇಕಾಗಿತ್ತು ಕಣಪ್ಪ.”

“ನಾನ್ಯಾವತ್ತು ಕೂಗಿದೀನಿ? ಅದೇ ಕೂಗ್ತಿತ್ತು.”

ಬಿಗಿದ ಕೈಯಲ್ಲೇ ಮಡ್‌ಗಾರ್ಡಿನ ನಟ್ಟು ಸಡಿಲ ಮಾಡಿದೆ. ಅವನು ಸೈಕಲ್ಲನ್ನು ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ, “ಇನ್ನೊಸಿ ಸಡ್ಲ ಮಾಡಿ,” ಅಂದ. ಸ್ಟೂಲಿನ ಮೇಲೆ ಕೂತಿದ್ದ ಅಬ್ಬ ಬೆರಳು ಮಡಚಿದರು. “ಒಂದು.”

2. ಆಲೆಮನೆಯ ಅಂಟು

ಪಾಂಡವಪುರದ ಕಡೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಗೆಳೆಯನೊಬ್ಬನಿದ್ದಾನೆ. ಸೈಕಲ್ ಸೀಟು ಸಡಿಲವಾಗಿದೆ ಎಂದು ಬಂದಾಗ ಬಾಟ್ಲು ತೋರಿಸಿ ಅದರ ಮಹಿಮೆ ಹೇಳಿದೆ.

“ಇದುಕ್ಕೆ ಮೈಸೂರ್ಗಂಟ ಹೋಗಿದ್ಯಾ? ಅಂಟು ಅಂದ್ರೆ ನಮ್ ಪಾಕ ಕಣ್ಲಾ,” ಎಂದು ನಕ್ಕು ಹೊರಟುಹೋದ. ಹೋದವನು ಸೀಟಿನ ಬೋಲ್ಟಿಗೆ ಬಿಸಿ ಬೆಲ್ಲದ ಪಾಕ ಸುರಿದು ನಟ್ಟು ಬಿಗಿದ. ಒಣಗಿ ಕಲ್ಲಾಯಿತು. ಎರಡು ದಿನ ಊರೆಲ್ಲ ಹೇಳಿಕೊಂಡು ತಿರುಗಿದ.

ಮೂರನೆಯ ದಿನ ಸೈಕಲ್ ತಳ್ಳಿಕೊಂಡು, ಕಾಲು ಅಗಲಿಸಿಕೊಂಡು ನಡೆದು ಬಂದ. ಸೀಟಿನ ಅಡಿಯಲ್ಲಿ ಕೆಂಪಿರುವೆಗಳು ಸಂಸಾರ ಹೂಡಿದ್ದವು.

“ಸೀಟು ಅಳ್ಳಾಡ್ತೇನ್ಲಾ?” ಎಂದೆ.

“ಸೀಟು ಅಳ್ಳಾಡ್ನಿಲ್ಲ ಕಣ್ಲಾ. ನಾನು ಅಳ್ಳಾಡ್ಬುಟ್ಟೆ.”

ಆಮೇಲೆ ನನಗೂ ಬಾಟ್ಲಿಗೂ ಸೇರಿಸಿ ಬೈದ. ನಾನು ತೋರಿಸದೆ ಇದ್ದಿದ್ದರೆ ಅವನಿಗೆ ಈ ಬುದ್ಧಿ ಬರುತ್ತಿರಲಿಲ್ಲವಂತೆ. ಅದು ನನ್ನ ಅಂಟೇ ಅಲ್ಲ ಎಂದು ನಾನು ಅಬ್ಬನ ಹತ್ತಿರ ವಾದಿಸಿದೆ. ಅವರು ಕೇಳಲಿಲ್ಲ.

“ಬೈದ್ನೋ ಇಲ್ವೋ? ಎರಡು.”

3. ಸೀಟಿನ ಎತ್ತರ

ತಿಂಗಳು ತುಂಬಲು ಒಂದು ವಾರ ಉಳಿದಿತ್ತು. ನಮ್ಮ ಮನೆಗೆ ಹಾಲು ಕೊಡುವ ಹೆಂಗಸಿನ ಗಂಡ ಬಂದ, ಆರಡಿ ಆಳು. ಅವರಿಗಿರುವುದು ಒಂದೇ ಸೈಕಲ್ಲು. ಬೆಳಿಗ್ಗೆ ಆಕೆ ಸೀಟು ಇಳಿಸಿಕೊಂಡು ಡೈರಿಗೆ ಹಾಲು ಹಾಕಿ ಬರುತ್ತಾಳೆ. ಆಮೇಲೆ ಇವನು ಸೀಟು ಎತ್ತಿಕೊಂಡು ಕೆಲಸಕ್ಕೆ ಹೋಗುತ್ತಾನೆ.

“ದಿನಾ ಎತ್ತಿ ಎತ್ತಿ ಸಾಕಾಯ್ತು ಭಾಯ್. ನನ್ ಎತ್ರಕ್ಕೆ ಇಟ್ಟು ಆ ನೀಲಿ ಮದ್ದು ಹಾಕ್ಬುಡಿ.”

ಹಾಕಿಬಿಟ್ಟೆ. ಎರಡೇ ದಿನಕ್ಕೆ ಹೆಂಡತಿ ಅಂಗಡಿಗೆ ಬಂದಳು. ಮೂರನೆಯ ಬೈಗುಳ ಬಂತು ಎಂದುಕೊಂಡೆ. ಆಕೆ ನನ್ನ ಕಡೆ ನೋಡಲೂ ಇಲ್ಲ, ನೇರ ಅಬ್ಬನ ಹತ್ತಿರ ಹೋದಳು.

“ಸಾಬ್ರೆ, ಕಾಲು ಎಟುಕ್ತಿಲ್ಲ ಅಂತ ಹಾಲಿನ ಕ್ಯಾನು ನಮ್ ಮನೆಯವ್ರಿಗೇ ಕೊಟ್ಬುಟ್ಟಿವ್ನಿ. ಮದ್ವೆಯಾದ್ಮೇಲೆ ಇವತ್ತೇ ಕಣ್ರಪ್ಪ ನಾನು ಏಳ್ ಗಂಟೆಗಂಟ ಮಲಗಿದ್ದು. ಆ ಸೀಟ್ನ ಯಾರಾದ್ರೂ ಬಿಚ್ಚಿದ್ರೆ ನಿಮ್ಮನೆ ಹಾಲು ಬೇರೆ ಕಡೆ ನೋಡ್ಕಳಿ.”

ಅಬ್ಬ ತಲೆಯಾಡಿಸಿದರು.

ವಾರ ಕಳೆಯುವಷ್ಟರಲ್ಲಿ ಗಂಡ ಹಾಜರು. ಕಣ್ಣು ಊದಿತ್ತು, ಶರ್ಟಿನ ತುಂಬ ಹಾಲಿನ ಕಲೆ.

“ಎಂಥ ದರಿದ್ರ ಮದ್ದು ತಂದಿದೀರಿ ಭಾಯ್? ನಾಲ್ಕೂವರೆಗೆ ನನ್ನ ಎಬ್ಬುಸಿ ಕ್ಯಾನು ಕೊಟ್ಟು ಅವ್ಳು ತಿರ್ಗ ಮಲಗ್ತಾಳೆ. ಮನೇಲಿರೋ ಗಿಡ್ಡ ಸ್ಪ್ಯಾನರ್ಗೆ ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಬಿಚ್ಕೊಡಿ, ಕೈ ಮುಗೀತೀನಿ.”

ಬಿಚ್ಚುವುದೇನು ದೊಡ್ಡದಲ್ಲ. ಉದ್ದನೆಯ ಸ್ಪ್ಯಾನರ್ ಹಾಕಿ ಒಂದು ಸಲ ಜಗ್ಗಿದರೆ ಬಂದೇ ಬರುತ್ತದೆ. ಅದು ಅಬ್ಬನಿಗೂ ಗೊತ್ತು. ಮೂರನೆಯ ಬೆರಳು ಮಡಚುವುದನ್ನೇ ಕಾಯುತ್ತ ನಾನು ಮೋರಿಯ ಕಡೆ ನೋಡಿದೆ.

ಅಬ್ಬ ಎದ್ದು ಬಂದರು. ಸೀಟು ಹಿಡಿದು ಹಲ್ಲು ಕಚ್ಚಿ ಜಗ್ಗಿದ ಹಾಗೆ ಮಾಡಿದರು. ಹಣೆ ಒರೆಸಿಕೊಂಡರು.

“ಬರಲ್ಲ ಕಣಪ್ಪ. ನಲವತ್ತು ವರ್ಷದಲ್ಲಿ ಇಂಥ ಗಟ್ಟಿ ಮದ್ದು ನಾನು ಕಂಡಿಲ್ಲ. ಸಕ್ಕರೆ ಫ್ಯಾಕ್ಟ್ರಿ ಕ್ರೇನ್ ತರ್ಸಿದ್ರೂ ಬರಲ್ಲ.”

ಅವನು ತಲೆ ತಗ್ಗಿಸಿಕೊಂಡು ಸೈಕಲ್ ಹತ್ತಿ ಹೋದ. ಅವನು ತಿರುವು ದಾಟುವ ತನಕ ನೋಡಿ, ಅಬ್ಬ ನನ್ನ ಕಡೆ ತಿರುಗಿದರು.

“ಆ ಬಾಟ್ಲು ಭದ್ರವಾಗಿ ಎತ್ತಿಡು ಬೇಟಾ. ನಾಳೆ ಟೀಗೆ ಹಾಲು ಬೇಕು.”